ಸರ್ಕಾರದ ವಂಕಿ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಯಾರೂ ನನ್ನನ್ನು ದೊಡ್ಡ ಮನಸ್ಸಿನವಳು ಅಂತ ತಪ್ಪು ತಿಳಿಯಬಾರದು. ಪಕ್ಕದ ಮನೆಯವರ ಎಮ್ಮೆ ನಮ್ಮದಕ್ಕಿಂತ ಒಂದು ಪಾವು ಹಾಲು ಹೆಚ್ಚು ಕೊಟ್ಟರೆ ಅವತ್ತು ನನ್ನ ಗಂಟಲಲ್ಲಿ ಮುದ್ದೆ ಇಳಿಯುತ್ತಿರಲಿಲ್ಲ. ಆದರೆ ಎಮ್ಮೆ, ಸೀರೆ, ತವರಿನ ಬುತ್ತಿ ಇವೆಲ್ಲ ಸಣ್ಣ ಕಿಚ್ಚು, ಸಂಜೆ ಹೊತ್ತಿಗೆ ಆರಿಹೋಗುತ್ತಿದ್ದವು. ಆರದೆ ಉಳಿದದ್ದು ಒಂದೇ. ಅದು ನನ್ನ ವಾರಗಿತ್ತಿಯ ಮೇಲಿನದು, ಅಂದರೆ ನನ್ನ ಗಂಡನ ತಮ್ಮನ ಹೆಂಡತಿಯ ಮೇಲಿನದು.

ನಾನು ಟೇಕಲ್ಲಿನವಳು. ಬೆಟ್ಟದ ಬುಡದ ಸ್ಕೂಲಿನಲ್ಲಿ ಏಳನೇ ಕ್ಲಾಸು ಪಾಸಾಗಿ, ಸುಗಟೂರಿನ ರೈತರ ಮನೆಗೆ ಹಿರಿ ಸೊಸೆಯಾಗಿ ಬಂದೆ. ಆ ಮನೆಯ ಹೆಂಗಸರಲ್ಲಿ ಓದು ಬರುತ್ತಿದ್ದುದು ನನಗೊಬ್ಬಳಿಗೇ. ಬಸ್ಸಿನ ಬೋರ್ಡು ಓದಬೇಕಾದರೂ, ಲಗ್ನಪತ್ರಿಕೆ ಓದಬೇಕಾದರೂ ನನ್ನನ್ನೇ ಕರೆಯುತ್ತಿದ್ದರು, ಆ ಜಂಬ ನನಗೆ ಸಾಕಷ್ಟಿತ್ತು. ಮನೆ ತುಂಬ ಕೆಲಸ: ರಾಗಿ ಹೊಲ, ತರಕಾರಿ, ಹಿಪ್ಪುನೇರಳೆ ತೋಟ, ರೇಷ್ಮೆ ಹುಳು. ಹುಳು ಸಾಕುವುದರಲ್ಲಿ ನನ್ನ ಕೈ ಒಳ್ಳೆಯದೆಂದು ಊರೇ ಹೇಳುತ್ತಿತ್ತು. "ಮಕ್ಕಳಿಲ್ಲದ ಕೈ ನೋಡು, ಹುಳಾನೇ ಮಕ್ಕಳಂಗೆ ಸಾಕ್ತಾಳೆ" ಅಂತ ಹೊಗಳುವವರ ಬಾಯಿಗೆ ಒಂದು ಹಿಡಿ ಸೊಪ್ಪು ತುರುಕಬೇಕು ಅನ್ನಿಸುತ್ತಿತ್ತು.

ಹೌದು, ನನಗೆ ಮಕ್ಕಳಾಗಲಿಲ್ಲ. ಹರಕೆ ಹೊತ್ತದ್ದಾಯಿತು, ನಾಟಿ ಔಷಧಿ ಕುಡಿದದ್ದಾಯಿತು, ಕೊನೆಗೆ ಕೋಲಾರದ ಒಬ್ಬ ಲೇಡಿ ಡಾಕ್ಟರ ಖಾಸಗಿ ಆಸ್ಪತ್ರೆಗೆ ಅಲೆದದ್ದಾಯಿತು. ನನ್ನ ಮದುವೆಗೆ ತವರಿನಲ್ಲಿ ಹಾಕಿದ್ದ ಒಡವೆಗಳಲ್ಲಿ ಒಂದು ವಂಕಿ ಇತ್ತು. ಮೊಣಕೈ ಮೇಲೆ ತೋಳನ್ನು ಬಿಗಿಯಾಗಿ ಹಿಡಿದು ಕೂರುವ, ನಡುವೆ ಬಾಗಿದ ಒಡವೆ, ಬಾಗಿನಲ್ಲಿ ಕೆಂಪು ಕಲ್ಲು. ನಮ್ಮಮ್ಮ ತನ್ನ ತೋಳಿನಿಂದಲೇ ತೆಗೆದು ನನಗೆ ಹಾಕಿದ್ದು. ಆ ಡಾಕ್ಟರ ಮದ್ದಿಗೆ ಅದನ್ನೇ ಮಾರಿದೆವು. ವಂಕಿ ಹೋಯಿತು, ಮಗು ಬರಲಿಲ್ಲ.

ನನ್ನ ವಾರಗಿತ್ತಿ ಹೋಳೂರಿನವಳು. ನನಗಿಂತ ಚಿಕ್ಕವಳು, ನನಗಿಂತ ಬೆಳ್ಳಗೆ, ನನಗಿಂತ ಮೆತ್ತಗೆ ಮಾತಾಡುವವಳು. ಮದುವೆಯಾದ ವರ್ಷವೇ ಗಂಡು ಹೆತ್ತಳು, ಅದು ಓಡಾಡುವ ಹೊತ್ತಿಗೆ ಹೆಣ್ಣು ಹೆತ್ತಳು. ಎರಡು ಬಾಣಂತನವನ್ನೂ ಮಾಡಿದವಳು ನಾನು. ನೀರು ಕಾಯಿಸಿದೆ, ಸಾಂಬ್ರಾಣಿ ಹಾಕಿದೆ, ಹಸಿ ಮೈಯ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿದೆ. ಮೈ ಒರೆಸಿ ಬೆಚ್ಚಗೆ ಸುತ್ತಿ ಅವಳ ಮಗ್ಗುಲಲ್ಲಿ ಇಟ್ಟ ಕೂಡಲೇ ಅದು ಮೂಗಿನಿಂದಲೇ ಅವಳ ಎದೆ ಹುಡುಕುತ್ತಿತ್ತು. ನಾನು ಬಚ್ಚಲು ತೊಳೆಯಲು ಹೋಗುತ್ತಿದ್ದೆ.

ನಮ್ಮತ್ತೆ ಮುಳಬಾಗಿಲು ಕಡೆಯವರು. ಮಾತು ಕನ್ನಡ, ಸಿಟ್ಟು ಮತ್ತು ಪ್ರೀತಿ ಎರಡೂ ತೆಲುಗು. ಹೆಣ್ಣು ಮಗು ಅಂಬೆಗಾಲಿಡುವಾಗ ಒಂದು ದಿನ, ನಾವು ಮೂವರೂ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ, ಅವರು ನನ್ನ ಮುಖ ನೋಡಿ ತೀರ್ಮಾನ ಕೊಟ್ಟರು.

"ಮೂಡೋದಿ ನೀದೇಲೇ. ಮೂರನೇದು ಗಂಡಾಗ್ಲಿ ಹೆಣ್ಣಾಗ್ಲಿ, ನಿನ್ನ ಮಡಿಲಿಗೆ. ಇಂಟಿ ಬಿಡ್ಡ ಇಂಟ್ಲೋನೇ ಉಂಟಾದಿ. ಮನೆ ಕೂಸು ಮನೇಲೇ ಇರ್ತದೆ, ಏನಂತೀಯೇ?" ಎಂದು ವಾರಗಿತ್ತಿಯ ಕಡೆ ತಿರುಗಿದರು.

"ಆಗ್ಲಿ ಅತ್ತೆ, ಅಕ್ಕ ಬೇರೆಯೋರಾ?" ಎಂದಳು ಅವಳು, ಕೈಯಲ್ಲಿದ್ದ ಅವರೆಕಾಯಿಯಿಂದ ಕಣ್ಣೆತ್ತದೆ.

ನನ್ನ ಗಂಡ ಸಂತೋಷ ತಡೆಯಲಾರದೆ ಕೋಲಾರದ ವಕೀಲರನ್ನು ಕೇಳಿಕೊಂಡು ಬಂದರು. ದತ್ತು ಕೊಟ್ಟರೆ ಕೊಟ್ಟ ಹಾಗೇ, ವಾಪಸ್ಸು ತಗೊಳ್ಳುವ ಹಾಗಿಲ್ಲ, ಅಲ್ಲಿಂದಾಚೆ ಅದು ಹುಟ್ಟಿದ ಮನೆಯ ಮಗು ಅಲ್ಲ ಅಂದರಂತೆ ವಕೀಲರು. "ಎರಡೂ ಒಂದೇ ಮನೆ ಸ್ವಾಮಿ, ಒಂದೇ ಒಲೆ" ಅಂತ ಇವರು ಹೇಳಿದ್ದಕ್ಕೆ "ಹಂಗಾದ್ರೆ ಇನ್ನೂ ಕಷ್ಟ ಕಣಯ್ಯ" ಅಂತ ನಕ್ಕರಂತೆ. ಆ ನಗು ಯಾಕೆಂದು ನಮ್ಮಿಬ್ಬರಿಗೂ ಆಗ ಹೊಳೆಯಲಿಲ್ಲ. ನಾನು ಹಳೇ ರೇಷ್ಮೆ ಸೀರೆಯ ಸೆರಗು ಕತ್ತರಿಸಿ ಒಂದು ಕುಲಾವಿ ಹೊಲಿದೆ. ವಾರಗಿತ್ತಿ ಅದನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತಾ "ಕೂಸು ಹುಟ್ಟೋಕ್ ಮುಂಚೆ ಕುಲಾವಿ ಅಂದಂಗಾಯ್ತಲ್ಲಕ್ಕ" ಎಂದು ನಕ್ಕಳು. ನಾನೂ ನಕ್ಕೆ. ಅವಳಮ್ಮ ಹೋಳೂರಿನಿಂದ ಬಂದಾಗ ಮಾತ್ರ ನಗಲಿಲ್ಲ. ಗೋಡೆಯಾಚೆ ಮಗಳಿಗೆ "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಕಣೇ" ಎಂದು ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ಸಾಲದ ಮಾತಿರಬೇಕು ಅಂದುಕೊಂಡೆ.

ಅದು ಎಪ್ಪತ್ತರ ದಶಕ ಶುರುವಾದ ಕಾಲ. ಊರಿಗೆ ಕುಟುಂಬ ಯೋಜನೆಯವರ ಕೆಂಪು ತ್ರಿಕೋನದ ಜೀಪು ಬರತೊಡಗಿತ್ತು. ಅಂಗಡಿ ಗೋಡೆ, ಹಾಲಿನ ಡೈರಿ ಗೋಡೆ, ಬಾವಿ ಕಟ್ಟೆ ಯಾವುದನ್ನೂ ಬಿಡದೆ ಎರಡು ಮಕ್ಕಳ ಚಿತ್ರ ಬರೆದು ಹೋಗುತ್ತಿದ್ದರು. ಮಕ್ಕಳು ಸಾಕು ಅನ್ನುವವರಿಗೆ ಎಲ್ಲವೂ ಪುಕ್ಕಟೆ. ಜೀಪಿನಲ್ಲೇ ಕರೆದುಕೊಂಡು ಹೋಗಿ ಜೀಪಿನಲ್ಲೇ ಬಿಡುತ್ತಿದ್ದರು, ಮದ್ದು ಕೊಡುತ್ತಿದ್ದರು, ಕೂಲಿ ಹೋಯಿತಲ್ಲ ಎಂದು ಕೈಗೆ ಒಂದಿಷ್ಟು ದುಡ್ಡೂ ಹಾಕುತ್ತಿದ್ದರು. ಮಕ್ಕಳು ಬೇಕು ಅನ್ನುವವಳು ಮಾತ್ರ ಟಿಕೆಟ್ಟು ತಗೊಂಡು, ಬಸ್ಸಿನಲ್ಲಿ ನಿಂತುಕೊಂಡು ಹೋಗಿ, ಒಡವೆ ಮಾರಿ ಬರಬೇಕು. ಇದು ಯಾವ ನ್ಯಾಯ ಎಂದು ನಾನು ಎಷ್ಟೋ ಸಲ ಆ ಜೀಪಿನ ಧೂಳಿನಲ್ಲಿ ನಿಂತು ಗೊಣಗಿದ್ದೇನೆ.

ಒಂದು ದಿನ ಡೈರಿಗೆ ಹಾಲು ಹಾಕಲು ಹೋದಾಗ, ಪಕ್ಕದ ಮನೆಯಾಕೆ ಗುಟ್ಟು ಹೇಳುವವಳ ಹಾಗೆ ಹತ್ತಿರ ಬಂದಳು. "ನಿಮ್ಮ ವಾರಗಿತ್ತಿ ಕೋಲಾರದ ಸರ್ಕಾರಿ ಆಸ್ಪತ್ರೇಲಿ ವಂಕಿ ಹಾಕಿಸ್ಕೊಂಡು ಬಂದವ್ಳಂತೆ. ನಿಂಗ್ ಹೇಳ್ಲಿಲ್ವಾ?"

ಅವಳು ಹಿಂದಿನ ವಾರ ತಾಯಿಯ ಜೊತೆ ಕೋಲಾರಕ್ಕೆ ಹೋಗಿದ್ದು ನಿಜ. ಮಗುವಿಗೆ ಕೆಮ್ಮು ಅಂದಿದ್ದಳು. ನಾನು ತಲೆ ಎತ್ತಿದರೆ ಡೈರಿ ಗೋಡೆಯ ಮೇಲೇ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ಎರಡು ಮಕ್ಕಳ ತಾಯಂದಿರಿಗೆ ವಂಕಿ ಉಚಿತ. ನಿತ್ಯ ಹಾಲು ಹಾಕುವ ಜಾಗದ ಗೋಡೆ, ಇಷ್ಟು ದಿನ ಕಣ್ಣಿಗೆ ಬಿದ್ದಿರಲಿಲ್ಲ. ಓದು ಬರುವ ನನಗೆ ಇದಕ್ಕಿಂತ ಸಾಕ್ಷಿ ಏನು ಬೇಕು? ಎರಡು ಮಕ್ಕಳನ್ನು ಹೆತ್ತದ್ದಕ್ಕೆ ಸರ್ಕಾರ ಅವಳ ತೋಳಿಗೆ ಒಡವೆ ಹಾಕಿದೆ. ಹೆರಲಿಕ್ಕಾಗದ ನಾನು ನನ್ನಮ್ಮನ ಒಡವೆ ಕಳಕೊಂಡು ಕೂತಿದ್ದೇನೆ. ಮೈಯೆಲ್ಲ ಬೆಂಕಿ ಬಿದ್ದ ಹಾಗಾಯಿತು. ಮನೆಗೆ ಬಂದವಳೇ ಒಲೆಯ ಮುಂದೆ ಪಾತ್ರೆ ಕುಕ್ಕಿದೆ.

ಆ ವಾರವೆಲ್ಲ ನಾನು ನೋಡಿದ್ದು ಅವಳ ತೋಳನ್ನೇ. ಅವಳು ಮುದ್ದೆ ತಿರುವುವಾಗ ರವಿಕೆಯ ತೋಳಿನೊಳಗೆ ಏನಾದರೂ ಉಬ್ಬುತ್ತದೆಯೇ ಎಂದು ನೋಡಿದೆ. ನೀರು ಹುಯ್ಯುವ ನೆಪದಲ್ಲಿ ಬಚ್ಚಲಿಗೂ ಹೋದೆ. ಬರೀ ತೋಳು. "ಎಲ್ಲಿಟ್ಟಿದ್ದೀಯೇ?" ಅಂತ ನಾಲಿಗೆ ತುದಿಗೆ ಬರುತ್ತಿತ್ತು, ಕೇಳಲು ಸ್ವಾಭಿಮಾನ ಬಿಡುತ್ತಿರಲಿಲ್ಲ. ಬಚ್ಚಿಟ್ಟುಕೊಂಡಿದ್ದಾಳೆ, ಮನೆಯ ಸಾಲಕ್ಕೆ ಅತ್ತೆ ಇಸಕೊಂಡಾರು ಅಂತ ತವರಿಗೆ ಸಾಗಿಸಿದ್ದಾಳೆ ಎಂದು ಖಾತ್ರಿಯಾಯಿತು. ಅವಳಿಗೆ ಒಂದು ನ್ಯಾಯ, ನನಗೆ ಒಂದು ನ್ಯಾಯ ಇರಬಾರದು ಎಂದು ನಾನೇ ಕೋಲಾರಕ್ಕೆ ಹೊರಟೆ. ಹಲ್ಲು ನೋವು ಎಂದು ಹೇಳಿದೆ.

ಸರ್ಕಾರಿ ಆಸ್ಪತ್ರೆಯ ಒಂದು ಕೋಣೆಯ ಮುಂದೆ ಅದೇ ಕೆಂಪು ತ್ರಿಕೋನ. ಒಳಗೆ ಮಲೆಯಾಳದ ರಾಗದಲ್ಲಿ ಕನ್ನಡ ಮಾತಾಡುವ ಒಬ್ಬ ನರ್ಸಮ್ಮ.

"ಏನಮ್ಮ?"

"ವಂಕಿ ಬೇಕಿತ್ತು."

"ಮಕ್ಕಳೆಷ್ಟು?"

ಗೋಡೆಯ ಮೇಲೆ ಓದಿದ್ದೆನಲ್ಲ. "ಎರಡು. ಒಂದು ಗಂಡು, ಒಂದು ಹೆಣ್ಣು" ಎಂದೆ. ಹೇಳುವಾಗ ನಾಲಿಗೆಗೆ ಎಷ್ಟು ರುಚಿಯಾಯಿತೆಂದರೆ ಇನ್ನೊಂದು ಸಲ ಕೇಳಬಾರದೇ ಅನ್ನಿಸಿತು.

ಅವರು ಒಂದು ತಟ್ಟೆ ಎಳೆದು, ಅದರಿಂದ ಬೆರಳುದ್ದವೂ ಇಲ್ಲದ, ಹಾವಿನ ಹಾಗೆ ಬಾಗಿದ ಬಿಳಿ ಪ್ಲಾಸ್ಟಿಕ್ ತುಂಡನ್ನು ಎತ್ತಿ ತೋರಿಸಿದರು. ಅದಕ್ಕೆ ಒಂದು ದಾರ ಬೇರೆ.

"ಇದಾ ವಂಕಿ?" ಎಂದೆ. "ಇದು ತೋಳಿಗೆ ಹೆಂಗ್ ಹಿಡಿಸ್ತದೆ? ಬಂಗಾರ ಬೇಡ, ಬೆಳ್ಳೀದಾದ್ರೂ ಇಲ್ವಾ?"

ನರ್ಸಮ್ಮ ಮೇಜು ಹಿಡಿದುಕೊಂಡು ನಕ್ಕರು. ಪಕ್ಕದ ಕೋಣೆಯಾಕೆಯನ್ನೂ ಕರೆದು ಹೇಳಿ ಇಬ್ಬರೂ ನಕ್ಕರು. ನಕ್ಕು ಮುಗಿಸಿ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ವಿವರಿಸಿದರು. ಇದು ತೋಳಿಗಲ್ಲ, ಗರ್ಭಕೋಶದ ಒಳಗೆ ಇಡುವುದು. ಆಕಾರ ಬಾಗಿದೆ ಅಂತ ವಂಕಿ ಅನ್ನುತ್ತಾರೆ. ಇದು ಇರುವವರೆಗೆ ಬಸಿರು ನಿಲ್ಲುವುದಿಲ್ಲ.

ನಾನು ಆ ತುಂಡನ್ನೇ ನೋಡುತ್ತಾ ಕೂತೆ. ಹಾಗಾದರೆ ಇದು ಅವಳ ಒಳಗಿದೆ. ನನ್ನ ಕುಲಾವಿಯನ್ನು ಬೆರಳಲ್ಲಿ ತಿರುಗಿಸಿ ನಕ್ಕವಳು, ನನ್ನ ಮಗು ಬರಬೇಕಾದ ದಾರಿಯಲ್ಲಿ ಇದನ್ನು ಅಡ್ಡ ಇಟ್ಟುಕೊಂಡಿದ್ದಾಳೆ. ಒಡವೆಯಾಗಿದ್ದರೆ ಎಷ್ಟೋ ವಾಸಿಯಿತ್ತು.

"ಎರಡು ಮಕ್ಕಳು ಅಂದ್ಯಲ್ಲ, ನಿನ್ನವೇನಾ?" ಎಂದರು ನರ್ಸಮ್ಮ, ಈ ಸಲ ಮೆಲ್ಲಗೆ. ನಾನು ಇಲ್ಲವೆಂದು ತಲೆಯಾಡಿಸಿದೆ. ಅವರು ಆ ತುಂಡನ್ನು ತಟ್ಟೆಗೆ ಹಾಕಿದರು. ಎದ್ದು ಬರುವಾಗ ಬಾಗಿಲಲ್ಲಿ ನಿಂತು ಕೇಳಿದೆ: "ಆಗದೇ ಇರೋದಕ್ಕೆ ಇಷ್ಟೆಲ್ಲ ಪುಕ್ಕಟೆ ಕೊಡ್ತೀರಲ್ಲ, ಆಗೋದಕ್ಕೆ ಏನಾದ್ರೂ ಕೊಡ್ತೀರಾ?"

"ಅದಕ್ಕೆ ಇಲ್ಲಿ ಸ್ಕೀಮ್ ಇಲ್ಲಮ್ಮ" ಎಂದರು.

ಹುಳು ಆಗ ನಾಲ್ಕನೇ ಜ್ವರದಿಂದ ಎದ್ದಿದ್ದವು. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಸುಮ್ಮನೆ ಕೂರುವುದನ್ನು ನಮ್ಮಲ್ಲಿ ಜ್ವರ ಅನ್ನುತ್ತೇವೆ, ಎದ್ದ ಮೇಲೆ ಅವಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಹುಳುಮನೆಯೊಳಗೆ ಅವು ಮೇಯುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತದೆ. ಅಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ. ನಾನೂ ಅವಳೂ ಆಚೆ ಈಚೆ ನಿಂತು ತಟ್ಟೆಗಳಿಗೆ ಸೊಪ್ಪು ಹರಡುತ್ತಿದ್ದಾಗ ಕೇಳಿಯೇಬಿಟ್ಟೆ.

"ವಂಕಿ ಹಾಕಿಸ್ಕೊಂಡಿದ್ದೀಯಂತೆ. ಅತ್ತೆಗೆ ಆಗ್ಲಿ ಅಂತ ತಲೆ ಆಡಿಸ್ದೋಳು ನೀನೇ ಅಲ್ವೇನೇ?"

ಅಳುತ್ತಾಳೆ, ಕಾಲಿಗೆ ಬೀಳುತ್ತಾಳೆ ಅಂದುಕೊಂಡಿದ್ದೆ. ಅವಳು ಅಳಲಿಲ್ಲ.

"ಹೂಂ ಅಕ್ಕ, ಹಾಕಿಸ್ಕೊಂಡೆ. ದೂರದ ಊರಿಗೆ ಕೊಡೋದಾಗಿದ್ರೆ ಕೊಟ್ಬಿಡ್ತಿದ್ನೇನೋ. ಕಣ್ಣಿಗೆ ಕಾಣಲ್ಲ, ಕಿವಿಗೆ ಕೇಳಲ್ಲ. ಇಲ್ಲೇ ಈ ಮನೇಲಿ, ನನ್ನ ಎದುರಿಗೇ, ನಾನು ಹೆತ್ತಿದ್ದು ನಿಮ್ಮನ್ನ ಅಮ್ಮ ಅನ್ನುತ್ತೆ, ನನ್ನನ್ನ ಚಿಕ್ಕಮ್ಮ ಅನ್ನುತ್ತೆ. ಬಿದ್ದು ಮಂಡಿ ತರಚಿಕೊಂಡ್ರೆ ನನ್ನ ದಾಟ್ಕೊಂಡು ನಿಮ್ಮ ಹತ್ರ ಓಡುತ್ತೆ. ನೋಡ್ಕೊಂಡು ಸುಮ್ನಿರೋಕೆ ನಂಗಾಗಲ್ಲ. ಹೊಟ್ಟೆಕಿಚ್ಚು ನಿಮಗೊಬ್ಬರಿಗೇ ಏನಕ್ಕ? ನಾನು ಹೆತ್ತೋಳು ಅಂತ ನಂಗೆ ಬರಬಾರದಾ?"

ಅವಳು ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆಯೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ನನ್ನ ಏಕಮಾತ್ರ ಆಸ್ತಿ ಅಂದುಕೊಂಡಿದ್ದ ಹೊಟ್ಟೆಕಿಚ್ಚಿನಲ್ಲೂ ಅವಳು ಪಾಲು ಕೇಳಿದಳಲ್ಲ ಎಂದು ಇನ್ನಷ್ಟು ಉರಿಯಿತು. ಸೊಪ್ಪು ಹಾಕಿ ಮುಗಿಸಿ ಇಬ್ಬರೂ ಕೈ ತೊಳೆದುಕೊಂಡು ಅಡುಗೆಗೆ ಹೋದೆವು.

ಅತ್ತೆಗೆ ನಾನು ಹೇಳಲಿಲ್ಲ. ಹೇಳಿದ್ದರೆ ಅವರು ಅವಳ ರಟ್ಟೆ ಹಿಡಿದು ಅದೇ ಬಸ್ಸಿನಲ್ಲಿ ಕೋಲಾರಕ್ಕೆ ಕರೆದೊಯ್ದು ತೆಗೆಸಿಕೊಂಡು ಬರುತ್ತಿದ್ದರು. ಯಾಕೆ ಹೇಳಲಿಲ್ಲ ಎಂದು ಇವತ್ತಿಗೂ ಗೊತ್ತಿಲ್ಲ. ಒಳ್ಳೆಯತನದಿಂದ ಅಲ್ಲ, ಅದು ಮಾತ್ರ ಖಂಡಿತ.

ನನ್ನ ಸಪ್ಪೆ ಮುಖ ನೋಡಲಾರದೆ ಗಂಡ ದಿನಾ ಕೇಳುತ್ತಿದ್ದರು. ಒಂದು ದಿನ ರೇಗಿ "ವಂಕಿ, ವಂಕಿ, ಅದೇ ನನ್ನ ಹಾಳು ಮಾಡಿದ್ದು" ಎಂದುಬಿಟ್ಟೆ. ಪಾಪ, ಅವರಿಗೆ ತಿಳಿದದ್ದು ಒಂದೇ ವಂಕಿ. ರೇಷ್ಮೆ ಗೂಡು ಮಾರಿದ ದಿನ ಕೋಲಾರದ ಅಕ್ಕಸಾಲಿಗರ ಹತ್ತಿರ ಬೆಳ್ಳಿಯದೊಂದು ಮಾಡಿಸಿ, ಚಿನ್ನದ ನೀರು ಹಾಕಿಸಿ, ಕೆಂಪು ಕಲ್ಲು ಕೂರಿಸಿ ತಂದರು. "ತಗೋ, ನಿಮ್ಮಮ್ಮನ ವಂಕಿ ಹಂಗೇ ಮಾಡ್ಸಿದ್ದೀನಿ" ಎಂದು ಅವರೇ ತೋಳಿಗೆ ಹಾಕಿದರು. ಅವರ ಮುಖದ ಸಂತೋಷ ನೋಡಿ ನನಗೆ ಅಳು ಬಂತು. ಅವರು ಅದನ್ನು ಖುಷಿಯ ಅಳು ಅಂದುಕೊಂಡರು.

ಗೌರಿ ಹಬ್ಬಕ್ಕೆ ಅದನ್ನು ಹಾಕಿಕೊಂಡು ಬಾಗಿನ ಕೊಡಲು ಹೋದೆ. ಅಷ್ಟರಲ್ಲಿ ಊರಿನ ಹೆಂಗಸರ ಬಾಯಲ್ಲಿ ವಂಕಿ ಅಂದರೆ ಆಸ್ಪತ್ರೆಯದೇ ಆಗಿಹೋಗಿತ್ತು. "ಏನಮ್ಮ, ನೀನೂ ವಂಕಿ ಹಾಕಿಸ್ಕೊಂಡ್ಯಾ?" ಎಂದು ಒಬ್ಬಳು ಕಣ್ಣು ಮಿಟುಕಿಸಿದಳು. "ಅವಳಿಗ್ಯಾಕೆ ವಂಕಿ, ದಂಡದ ಖರ್ಚು" ಎಂದಳು ಇನ್ನೊಬ್ಬಳು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು. ಮನೆಗೆ ಬಂದು ತೆಗೆದು ಟ್ರಂಕಿನ ತಳದಲ್ಲಿ, ಕುಲಾವಿಯ ಜೊತೆಗೇ ಇಟ್ಟೆ.

ಹೊರಗಿನ ಮಗು ತರಬಹುದಿತ್ತಲ್ಲ ಎಂದು ಈಗಿನವರು ಕೇಳುತ್ತಾರೆ. ನನ್ನ ಗಂಡ ಒಂದು ಅನಾಥಾಲಯಕ್ಕೆ ಕರೆದುಕೊಂಡೂ ಹೋಗಿದ್ದರು. ತೊಟ್ಟಿಲಲ್ಲಿದ್ದ ಒಂದು ಕೂಸು ನನ್ನ ಬೆರಳು ಹಿಡಿದುಕೊಂಡಿತು. ಬಿಸಿ ಬಿಸಿ ಅಂಗೈ, ಒಳ್ಳೆಯ ಕೂಸು. ನಾನು ಬೆರಳು ಬಿಡಿಸಿಕೊಂಡು ಬಂದೆ. ಯಾರ ಹೊಟ್ಟೆಯದೋ ಏನೋ ಎಂದು ಅತ್ತೆ ಒಪ್ಪಲಿಲ್ಲ ಅಂತ ಎಲ್ಲರಿಗೂ ಹೇಳಿದೆ. ಅತ್ತೆ ಹಾಗೆ ಅಂದದ್ದೂ ನಿಜವೇ. ಆದರೆ ನನಗೆ ಬೇಕಿದ್ದದ್ದು ಬರೀ ಮಗುವಲ್ಲ, ಅವಳ ಮಗು.

ಅವಳಿಗೆ ವಂಕಿ ಒಗ್ಗಲಿಲ್ಲ. ಹೊಟ್ಟೆನೋವು, ಸುಸ್ತು. ಕೊನೆಗೆ ತೆಗೆಸಿದಳು. ಅದು ತಿಳಿದ ದಿನ ನಾನು ಟ್ರಂಕು ತೆರೆದು ಕುಲಾವಿಯನ್ನು ಬಿಸಿಲಿಗೆ ಹಾಕಿದೆ. ಅಷ್ಟರಲ್ಲಿ ಮಕ್ಕಳಾಗದ ಹಾಗೆ ಮಾಡುವ ಆಪರೇಷನ್ನಿನ ಕಾಲ ಬಂತು. ಕ್ಯಾಂಪು ನಡೆದ ದಿನ ಅವಳು ಗಂಡನ ಜೊತೆ ಹೇಳದೆ ಕೇಳದೆ ಹೋಗಿ, ಸಂಜೆ ಜೀಪಿನಲ್ಲಿ ಒರಗಿಕೊಂಡು ಬಂದಳು, ಕೈಯಲ್ಲಿ ಸರ್ಕಾರ ಕೊಟ್ಟ ನೀಲಿ ಪ್ಲಾಸ್ಟಿಕ್ ಬಕೆಟ್ಟು. ಅತ್ತೆ ಬೀದಿಯಲ್ಲಿ ನಿಂತು "ವೀಳ್ಳ ಇಲ್ಲು ಪಾಡೈಪೋನು" ಎಂದು ಜೀಪಿನವರ ಮನೆಗೆಲ್ಲ ಶಾಪ ಹಾಕಿದರು. ನಾನು ಕುಲಾವಿಯನ್ನು ಒಳಗೆ ತಂದಿಟ್ಟು ಒಲೆ ಹಚ್ಚಿದೆ. ಹೊಲಿಗೆ ಬಿಚ್ಚುವವರೆಗೆ ಅವಳ ಚಾಕರಿ ಮಾಡಿದವಳೂ ನಾನೇ. ರಾಗಿ ಗಂಜಿ ಕಾಸಿದೆ, ಬಿಸಿನೀರು ಕೊಟ್ಟೆ, ಅದೂ ಆ ನೀಲಿ ಬಕೆಟ್ಟಿನಲ್ಲೇ. ಆ ಬಕೆಟ್ಟಿನ ಮೇಲೂ ನನಗೆ ಹೊಟ್ಟೆಕಿಚ್ಚಿತ್ತು. ಹಾಳಾದ್ದು, ವರ್ಷಗಟ್ಟಲೆ ಒಡೆಯಲೂ ಇಲ್ಲ.

ಎಂಬತ್ತರ ದಶಕದ ಕೊನೆಗೆ ಅವಳ ಮಗಳಿಗೆ ಗಂಡು ಗೊತ್ತಾಯಿತು. ಮಾಲೂರಿನ ಹುಡುಗ, ಫ್ಯಾಕ್ಟರಿ ಕೆಲಸ. ನನ್ನ ಕಾಲ ಮೇಲೆ ನೀರು ಹುಯ್ಯಿಸಿಕೊಂಡ ಹುಡುಗಿ, ನನ್ನ ಕೈಯ ಮುದ್ದೆ ತಿಂದ ಹುಡುಗಿ, ನನ್ನನ್ನು ದೊಡ್ಡಮ್ಮ ಅಂತಲೇ ಕರೆದ ಹುಡುಗಿ. ಅತ್ತೆ ಆಗಲೇ ತೀರಿಕೊಂಡಿದ್ದರು. ಮದುವೆಗೆ ಮುಂಚೆ ಒಂದು ಮಧ್ಯಾಹ್ನ ವಾರಗಿತ್ತಿ ಬಂದು ನನ್ನ ಪಕ್ಕ ಕೂತಳು.

"ಅಕ್ಕ, ಧಾರೆಗೆ ನೀವು, ಭಾವ ಕೂತ್ಕೊಳ್ಳಿ. ಕನ್ಯಾದಾನದ ಪುಣ್ಯ ನಿಮಗೆ ಬರ್ಲಿ. ಅತ್ತೆಗೆ ಮಾತು ಕೊಟ್ಟಿದ್ದು ತಪ್ಪಿಸ್ದೆ, ಇದನ್ನಾದ್ರೂ ಮಾಡ್ತೀನಿ."

ಮಕ್ಕಳಿಲ್ಲದ ಹಿರಿಯರಿಗೆ ತಮ್ಮನ ಮಗಳ ಧಾರೆ ಎರೆಯಲು ಬಿಡುವುದು ನಮ್ಮಲ್ಲಿ ಇರುವ ಪದ್ಧತಿಯೇ. ಕೇಳಿದವರೆಲ್ಲ ಅವಳನ್ನು ಹೊಗಳಿದರು. ನನಗೆ ಮಾತ್ರ ಲೆಕ್ಕ ಬೇರೆಯಾಗಿ ಕಂಡಿತು. ಇಷ್ಟು ವರ್ಷ ಕೊಡದ ಮಗುವನ್ನು ಈಗ ಕೊಡುತ್ತಿದ್ದಾಳೆ, ಅದೂ ನಾನು ಬೇರೆಯವರಿಗೆ ಕೊಟ್ಟುಬಿಡಲಿ ಅಂತ. ಆದರೂ ಬೇಡ ಅನ್ನಲಿಲ್ಲ. ಟ್ರಂಕಿನಿಂದ ವಂಕಿ ತೆಗೆದು ಹುಣಿಸೆಹಣ್ಣು ಹಚ್ಚಿ ತಿಕ್ಕಿ ಹುಡುಗಿಯ ತೋಳಿಗೆ ಹಾಕಿದೆ. ಆ ಹೊತ್ತಿಗೆ ಆಸ್ಪತ್ರೆಯಲ್ಲಿ ವಂಕಿಯ ಬದಲು ಕಾಪರ್ ಟಿ ಬಂದಿತ್ತು, ವಂಕಿ ಅಂದರೆ ಯಾರೂ ನಗುತ್ತಿರಲಿಲ್ಲ.

ಕೋಲಾರದ ಛತ್ರದಲ್ಲಿ ಮದುವೆ. ಪುರೋಹಿತರು "ಹುಡುಗಿ ತಾಯಿ ಬನ್ನಿ, ಹಾಲಿನ ಚೊಂಬು ಹಿಡೀರಿ" ಎಂದರು. ವಾರಗಿತ್ತಿ ಹಿಂದಿನಿಂದ ನನ್ನ ಬೆನ್ನಿಗೆ ಕೈಯಿಟ್ಟು ಮುಂದೆ ತಳ್ಳಿದಳು. ಹೋಗಿ ನಿಂತೆ. ಚೊಂಬು ಎತ್ತಿ ಒಮ್ಮೆ ತಿರುಗಿ ನೋಡಿದೆ. ಅವಳು ಕಂಬದ ಪಕ್ಕ ನಿಂತಿದ್ದಳು, ಮಗಳ ಮುಖ ನೋಡುತ್ತಿರಲಿಲ್ಲ, ನನ್ನ ಕೈಯನ್ನು ನೋಡುತ್ತಿದ್ದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಆ ಮನೆಯಲ್ಲಿ ಅಷ್ಟು ವರ್ಷ ನಾನು ಸಾಕಿದ್ದೇ ಅದನ್ನು. ಸುಳ್ಳು ಯಾಕೆ ಹೇಳಲಿ, ನನಗೆ ಹಿತವಾಯಿತು.

ಆಗ ಹುಡುಗಿ ತಲೆ ಬಗ್ಗಿಸಿಕೊಂಡೇ ಪಿಸುಗುಟ್ಟಿದಳು: "ದೊಡ್ಡಮ್ಮ, ಅಮ್ಮನ್ನೂ ಕರೀರಿ."

ವಾಲಗ ಜೋರಾಗಿತ್ತು. ಕೇಳಿಸಲಿಲ್ಲ ಅಂದಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಪುರೋಹಿತರು ಹಾಲು ಬಿಡಿ ಬಿಡಿ ಎಂದು ಅವಸರ ಮಾಡುತ್ತಿದ್ದರು. ನಾನು ಚೊಂಬು ಬಗ್ಗಿಸಲಿಲ್ಲ. ಹುಡುಗಿಯ ತೋಳಿನ ವಂಕಿಯನ್ನು ಒಮ್ಮೆ ನೋಡಿದೆ.

"ಬಾರೇ ಇಲ್ಲಿ" ಎಂದು ಕೂಗಿದೆ. "ಅಲ್ಲಿ ಕಂಬ ಕಾಯ್ತಾ ನಿಂತಿದ್ದೀಯಲ್ಲ, ಬಾ."

ಅವಳು ಎದ್ದೂ ಬಿದ್ದೂ ಬಂದು ಚೊಂಬಿಗೆ ಕೈ ಹಾಕಿದಳು. ಇಬ್ಬರೂ ಸೇರಿ ಹಾಲು ಬಿಟ್ಟೆವು. ಅವಳ ಕೈ ಕೆಳಗೆ, ನನ್ನ ಕೈ ಮೇಲೆ. ಅಷ್ಟನ್ನು ಮಾತ್ರ ನಾನು ಬಿಟ್ಟುಕೊಡಲಿಲ್ಲ.